ಫೋನ್ ಬೂತಿನೊಳಗಿನ ಸುರುಳಿ: ಶ್ರವಣ ಸಾಧನ ಬಳಸುವವರಿಗಾಗಿ ಬಂದ ಲೂಪ್ ತಂತ್ರಜ್ಞಾನ

ಶ್ರವಣ ಸಾಧನ ಧರಿಸಿದವರಿಗೆ ಫೋನಿನ ಮಾತನ್ನು ಗಾಳಿಯ ಬದಲು ಕಾಂತಕ್ಷೇತ್ರದ ಮೂಲಕ ತಲುಪಿಸುವ ಏರ್ಪಾಡು ಇಂಡಕ್ಷನ್ ಲೂಪ್. ಹಿಯರಿಂಗ್ ಲೂಪ್ ಎಂದೂ ಇದನ್ನು ಕರೆಯುತ್ತಾರೆ. ರಿಸೀವರ್‌ನಲ್ಲಿ ತಾಮ್ರದ ತಂತಿಯ ಒಂದು ಸುರುಳಿ ಇರುತ್ತದೆ, ಶ್ರವಣ ಸಾಧನದೊಳಗೆ ಇನ್ನೊಂದು ಪುಟ್ಟ ಸುರುಳಿ. ಮೊದಲನೆಯದರಲ್ಲಿ ಹರಿಯುವ ಮಾತಿನ ವಿದ್ಯುತ್ತು ಎರಡನೆಯದರಲ್ಲಿ ತನ್ನ ಪಡಿಯಚ್ಚನ್ನು ಹುಟ್ಟಿಸುತ್ತದೆ. ಸುತ್ತಲಿನ ಬಸ್ಸಿನ ಹಾರ್ನ್, ಜನರ ಗದ್ದಲ, ಮಳೆಯ ಸದ್ದು ಯಾವುದನ್ನೂ ಈ ಸುರುಳಿ ನೇರವಾಗಿ ಎತ್ತಿಕೊಳ್ಳುವುದಿಲ್ಲ. ಫೋನ್ ಬೂತುಗಳಲ್ಲಿ ನೆಲೆಗೊಂಡ ಈ ವಿದ್ಯೆ ಇವತ್ತು ಟಿಕೆಟ್ ಕೌಂಟರ್, ಸಭಾಂಗಣ, ಲಿಫ್ಟಿನ ತುರ್ತು ಕರೆ ಪೆಟ್ಟಿಗೆಗಳಲ್ಲಿ ಉಳಿದಿದೆ. ಬೂತುಗಳು ಮಾಯವಾಗುತ್ತಿರುವ ಈ ಕಾಲದಲ್ಲೂ ಇದರ ಕಥೆ ತಿಳಿದಿರಬೇಕು. ಸಾರ್ವಜನಿಕ ಎಂಬ ಬೋರ್ಡು ಹೊತ್ತ ಸೌಲಭ್ಯವೊಂದು ನಿಜಕ್ಕೂ ಎಲ್ಲರದಾಗಲು ಎಷ್ಟು ಅಲ್ಪ ಸಾಮಗ್ರಿ ಸಾಕು, ಎಷ್ಟು ದೀರ್ಘ ಹಟ ಬೇಕು ಎಂಬುದು ಇದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮೈಕಿನ ದಾರಿ ಏಕೆ ಸಾಲದು

ಶ್ರವಣ ಸಾಧನ ಮೂಲತಃ ಒಂದು ಪುಟ್ಟ ಧ್ವನಿವರ್ಧಕ. ಮೈಕ್ರೊಫೋನ್ ಶಬ್ದವನ್ನು ಹಿಡಿಯುತ್ತದೆ, ಆಂಪ್ಲಿಫೈಯರ್ ಅದನ್ನು ಬಲಪಡಿಸುತ್ತದೆ, ಪುಟಾಣಿ ಸ್ಪೀಕರ್ ಕಿವಿಯೊಳಕ್ಕೆ ಬಿಡುತ್ತದೆ. ಎದುರು ಕುಳಿತವರ ಜೊತೆ ಮಾತಿಗೆ ಇದು ಚೆನ್ನಾಗಿ ಒದಗುತ್ತದೆ. ಫೋನ್ ಎತ್ತಿದಾಗ ಮೂರು ತೊಡಕುಗಳು ಒಟ್ಟಿಗೇ ಎದುರಾಗುತ್ತವೆ.

ಮೊದಲನೆಯದು ಸಿಳ್ಳೆ. ರಿಸೀವರ್ ಅನ್ನು ಸಾಧನಕ್ಕೆ ಒತ್ತಿ ಹಿಡಿದರೆ ಕಿವಿಯಿಂದ ಸೋರುವ ಶಬ್ದ ರಿಸೀವರ್‌ಗೆ ಬಡಿದು ಮತ್ತೆ ಮೈಕಿಗೆ ಮರಳುತ್ತದೆ. ಅದು ಮತ್ತೆ ವರ್ಧಿಸಿ, ಮತ್ತೆ ಸೋರಿ, ಕುಂಯ್ ಎಂಬ ಕರ್ಕಶ ಸದ್ದಾಗುತ್ತದೆ. ಎರಡನೆಯದು ಸುತ್ತಲಿನ ಗದ್ದಲ. ಮಾಮೂಲಿ ಸಂಭಾಷಣೆಯ ಮಟ್ಟ ಸುಮಾರು 60 ಡೆಸಿಬೆಲ್. ವಾಹನ ದಟ್ಟಣೆಯ ರಸ್ತೆಯ ಬದಿಯಲ್ಲಿ ಗದ್ದಲ 75ರಿಂದ 80 ಇರುತ್ತದೆ. ಮೈಕಿಗೆ ಇವೆರಡರಲ್ಲಿ ಯಾವುದು ಬೇಕಾದ್ದು, ಯಾವುದು ಬೇಡದ್ದು ಎಂಬ ಅರಿವಿಲ್ಲ. ಎರಡನ್ನೂ ದೊಡ್ಡದು ಮಾಡುತ್ತದೆ. ಸಾರ್ವಜನಿಕ ಫೋನ್ ಇರುವುದೇ ಇಂಥ ಜಾಗಗಳಲ್ಲಿ: ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆಯ ಪಡಸಾಲೆ, ಪೇಟೆಯ ಮೂಲೆ.

ಮೂರನೆಯದು ಫೋನಿನ ಮಿತಿ. ಹಳೆಯ ದೂರವಾಣಿ ಜಾಲ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸ್ವರವನ್ನು ಮಾತ್ರ ಸಾಗಿಸುತ್ತಿತ್ತು. ವ್ಯಂಜನಗಳ ಗುರುತು ಹೆಚ್ಚಾಗಿ ಅಡಗಿರುವುದು ಎತ್ತರದ ಕಂಪನಾಂಕಗಳಲ್ಲಿ. ಕಾಲು, ಪಾಲು, ಸಾಲು, ಹಾಲು ಎಂಬ ನಾಲ್ಕು ಪದಗಳಲ್ಲಿ ಸ್ವರವೆಲ್ಲ ಒಂದೇ, ಬೇರೆಯಾಗಿರುವುದು ಮೊದಲ ವ್ಯಂಜನ ಮಾತ್ರ. ವಯಸ್ಸಾದಂತೆ ಮೊದಲು ಮಂದವಾಗುವುದೂ ಎತ್ತರದ ಕಂಪನಾಂಕಗಳೇ. ಹೀಗಾಗಿ ಫೋನಿನಲ್ಲಿ ಬಂದ ಪದ ಕಿವಿಗೆ ಬಿದ್ದರೂ ಯಾವುದೆಂದು ತಿಳಿಯುವುದಿಲ್ಲ. ಎದುರಿಗಿದ್ದವರ ತುಟಿಯ ಚಲನೆ ನೋಡಿ ಅರ್ಥ ಮಾಡಿಕೊಳ್ಳುವ ಅನುಕೂಲವೂ ಇಲ್ಲಿಲ್ಲ. ಇಷ್ಟು ಇಕ್ಕಟ್ಟಿನ ನಡುವೆ ಗದ್ದಲವನ್ನಾದರೂ ತೆಗೆದುಹಾಕಿದರೆ ಉಳಿದದ್ದನ್ನು ಮೆದುಳು ಹೇಗೋ ಹೊಂದಿಸಿಕೊಳ್ಳುತ್ತದೆ. ಲೂಪ್ ಮಾಡುವುದು ಈ ಕೆಲಸವನ್ನು.

ಸುರುಳಿ ಕೆಲಸ ಮಾಡುವ ಬಗೆ

1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಇರುತ್ತದೆಂದು ಕಂಡ. 1831ರಲ್ಲಿ ಮೈಕೆಲ್ ಫ್ಯಾರಡೆ ಬದಲಾಗುವ ಕಾಂತಕ್ಷೇತ್ರ ತಂತಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ತೋರಿಸಿದ. ಲೂಪ್ ವ್ಯವಸ್ಥೆಗೆ ಬೇಕಾದ ಭೌತಶಾಸ್ತ್ರ ಇಷ್ಟೇ.

ಶ್ರವಣ ಸಾಧನದೊಳಗಿನ ಸುರುಳಿಗೆ ಟೆಲಿಕಾಯಿಲ್ ಎಂದು ಹೆಸರು. ಬಳಸುವವರ ಬಾಯಲ್ಲಿ ಅದು ಟಿ-ಕಾಯಿಲ್. ಕಬ್ಬಿಣ ಮಿಶ್ರಿತ ಸಣ್ಣ ಕಡ್ಡಿಯ ಸುತ್ತ ಕೂದಲಿಗಿಂತ ತೆಳುವಾದ ತಂತಿಯನ್ನು ಸುತ್ತಿ ಇದನ್ನು ತಯಾರಿಸುತ್ತಾರೆ. ಸಾಧನದ ಸ್ವಿಚ್ಚನ್ನು ಎಂ ಎಂಬಲ್ಲಿಟ್ಟರೆ ಮೈಕ್ ಕೆಲಸ ಮಾಡುತ್ತದೆ. ಟಿ ಎಂಬಲ್ಲಿಟ್ಟರೆ ಮೈಕ್ ಮುಚ್ಚಿ ಸುರುಳಿ ಎಚ್ಚರಗೊಳ್ಳುತ್ತದೆ. ಎಂಟಿ ಎಂಬ ಮೂರನೆಯ ಸ್ಥಾನವಿದ್ದರೆ ಎರಡೂ ಒಟ್ಟಿಗೆ. ಈಗಿನ ಡಿಜಿಟಲ್ ಸಾಧನಗಳಲ್ಲಿ ಸ್ವಿಚ್ಚಿನ ಬದಲು ಗುಂಡಿ ಒತ್ತಿ ಪ್ರೋಗ್ರಾಂ ಬದಲಿಸುತ್ತಾರೆ. ರಿಸೀವರ್‌ಗೆ ಅಂಟಿಸಿದ ಪುಟ್ಟ ಅಯಸ್ಕಾಂತ ಹತ್ತಿರ ಬಂದೊಡನೆ ತಾನೇ ಟಿ-ಗೆ ಹೊರಳುವ ಸಾಧನಗಳೂ ಇವೆ. ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಿಕೊಂಡವರ ಹೊರ ಸಾಧನದಲ್ಲೂ ಟೆಲಿಕಾಯಿಲ್ ಇರುವುದುಂಟು.

ಫೋನಿನ ಕಡೆ ಏನಿರಬೇಕು? ರಿಸೀವರ್‌ನೊಳಗೆ ಮಾತಿನ ಏರಿಳಿತಕ್ಕೆ ತಕ್ಕಂತೆ ಬದಲಾಗುವ, ಸಾಕಷ್ಟು ಬಲದ ಕಾಂತಕ್ಷೇತ್ರ. ಇಯರ್‌ಪೀಸಿನ ವಿನ್ಯಾಸದಲ್ಲೇ ಅದು ಸಿಗಬಹುದು. ಸಿಗದಿದ್ದರೆ ಇಯರ್‌ಪೀಸಿನ ಪಕ್ಕದಲ್ಲಿ ಪ್ರತ್ಯೇಕ ಸುರುಳಿಯೊಂದನ್ನು ಕೂರಿಸಿ ಮಾತಿನ ವಿದ್ಯುತ್ತನ್ನು ಅದರಲ್ಲೂ ಹರಿಸಬೇಕು. ಇದಕ್ಕೆ ಇಂಡಕ್ಟಿವ್ ಕಪ್ಲರ್ ಎನ್ನುತ್ತಾರೆ. ರಿಸೀವರ್ ಸುತ್ತ ಕ್ಷೇತ್ರ ಎಷ್ಟಿರಬೇಕೆಂಬುದನ್ನು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಪಿ.370 ಎಂಬ ಶಿಫಾರಸಿನಲ್ಲಿ ಹೇಳಿದೆ. ದುಬಾರಿ ಭಾಗ ಯಾವುದೂ ಇದರಲ್ಲಿಲ್ಲ. ಒಂದಿಷ್ಟು ತಾಮ್ರದ ತಂತಿ, ಅದನ್ನು ಕೂರಿಸುವ ಜಾಗ, ಮುಖ್ಯವಾಗಿ ಕೂರಿಸಬೇಕೆಂಬ ತೀರ್ಮಾನ.

ಸೋರಿಕೆಯಿಂದ ಒದಗಿದ ಅನುಕೂಲ

ದೂರವಾಣಿಯ ಹುಟ್ಟಿಗೂ ಕಿವುಡುತನಕ್ಕೂ ಇರುವ ನಂಟು ಹಳೆಯದು. ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ತಾಯಿ ಎಲೈಜಾಗೆ ಕಿವಿ ಕೇಳಿಸುತ್ತಿರಲಿಲ್ಲ, ಹೆಂಡತಿ ಮೇಬಲ್‌ಗೂ ಅಷ್ಟೇ. 1871ರಿಂದ ಬಾಸ್ಟನ್‌ನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುತ್ತಿದ್ದ ಆತ 1876ರ ಮಾರ್ಚ್ 7ರಂದು ದೂರವಾಣಿಯ ಪೇಟೆಂಟ್ ಪಡೆದ. ನಾಣ್ಯ ಹಾಕಿ ಬಳಸುವ ಸಾರ್ವಜನಿಕ ಫೋನನ್ನು 1889ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಊರಿನ ಬ್ಯಾಂಕೊಂದರಲ್ಲಿ ವಿಲಿಯಂ ಗ್ರೇ ಅಳವಡಿಸಿದ. ಕಿವುಡರ ಶಿಕ್ಷಕನ ಕೈಯಲ್ಲಿ ಹುಟ್ಟಿದ ಯಂತ್ರ ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಿವಿ ಮಂದವಾದವರನ್ನು ಹೊರಗೇ ನಿಲ್ಲಿಸಿತ್ತು ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

ಲೂಪ್ ಕಲ್ಪನೆಯ ಪೇಟೆಂಟ್ ಸಿಕ್ಕಿದ್ದು 1937ರಲ್ಲಿ, ಬ್ರಿಟನ್ನಿನಲ್ಲಿ. ರಷ್ಯಾದಿಂದ ವಲಸೆ ಬಂದ ಜೋಸೆಫ್ ಪೋಲಿಯಾಕೋಫ್ ಅದನ್ನು ಪಡೆದಾತ; ಶ್ರವಣ ಸಾಧನ ತಯಾರಿಸುತ್ತಿದ್ದ ಮಲ್ಟಿಟೋನ್ ಕಂಪನಿಯ ಸ್ಥಾಪಕ. ಅಮೆರಿಕದಲ್ಲಿ ರೇಡಿಯೊಇಯರ್ ಕಂಪನಿಯ ಸ್ಯಾಮುಯೆಲ್ ಲೈಬಾರ್ಜರ್ 1947ರ ಸುಮಾರಿಗೆ ಧರಿಸುವ ಶ್ರವಣ ಸಾಧನದಲ್ಲಿ ಟೆಲಿಕಾಯಿಲ್ ಅಳವಡಿಸಿದ. ಆತ ನೆಚ್ಚಿಕೊಂಡದ್ದು ಫೋನುಗಳ ಒಂದು ಸಹಜ ಗುಣವನ್ನು. ಆ ಕಾಲದ ಇಯರ್‌ಪೀಸಿನಲ್ಲಿ ಅಯಸ್ಕಾಂತ, ಅದರ ಸುತ್ತ ಸುರುಳಿ, ಎದುರಿಗೆ ಲೋಹದ ತೆಳು ತಟ್ಟೆ ಇರುತ್ತಿದ್ದವು. ಸುರುಳಿಯ ಕಾಂತಕ್ಷೇತ್ರದ ಒಂದು ಪಾಲು ತಟ್ಟೆಯನ್ನು ಅಲುಗಿಸಿ ಶಬ್ದವಾಗುತ್ತಿತ್ತು, ಇನ್ನೊಂದು ಪಾಲು ಹೊರಕ್ಕೆ ಸೋರಿ ಹೋಗುತ್ತಿತ್ತು. ಎಂಜಿನಿಯರ್‌ಗಳ ಲೆಕ್ಕದಲ್ಲಿ ಪೋಲಾದ ಆ ಪಾಲೇ ಟೆಲಿಕಾಯಿಲ್‌ಗೆ ಆಹಾರವಾಯಿತು. ಫೋನಿಗೆ ಏನನ್ನೂ ಜೋಡಿಸದೆ, ಕಂಪನಿಯ ಅನುಮತಿಯನ್ನೂ ಕೇಳದೆ, ಸಾಧನ ಬಳಸುವವರು ಸ್ವಿಚ್ಚನ್ನು ಟಿ-ಗೆ ಹಾಕಿ ಮಾತಾಡತೊಡಗಿದರು. ರಸ್ತೆಯ ಬೂತಿನಲ್ಲೂ ಇದು ನಡೆಯುತ್ತಿತ್ತು.

ನೀಲಿ ಉಂಗುರದ ಹೋರಾಟ

ಯಾರೂ ಬೇಕೆಂದು ಕೊಡದ ಅನುಕೂಲವನ್ನು ಯಾರೂ ಗಮನಿಸದೆ ಕಿತ್ತುಕೊಳ್ಳುವುದೂ ಸುಲಭ. ಅಮೆರಿಕದಲ್ಲಿ ಆದದ್ದು ಹಾಗೆಯೇ. 1960ರ ದಶಕದ ಕೊನೆ ಮತ್ತು 70ರ ದಶಕದಲ್ಲಿ ಹೆಚ್ಚು ದಕ್ಷತೆಯ ಹೊಸ ಇಯರ್‌ಪೀಸುಗಳು ಬಂದವು. ಅವುಗಳಲ್ಲಿ ಕಾಂತಕ್ಷೇತ್ರ ಹೊರಕ್ಕೆ ಹೆಚ್ಚು ಸೋರುತ್ತಿರಲಿಲ್ಲ. ತಾಂತ್ರಿಕವಾಗಿ ಅದು ಸುಧಾರಣೆ. ಟೆಲಿಕಾಯಿಲ್ ನಂಬಿದವರಿಗೆ ಮಾತ್ರ ನಿನ್ನೆಯವರೆಗೆ ಕೇಳುತ್ತಿದ್ದ ಬೂತಿನ ಫೋನ್ ಒಮ್ಮೆಲೇ ಮೂಕವಾಯಿತು. ಹೊರನೋಟಕ್ಕೆ ಹಳೆಯದೂ ಹೊಸದೂ ಒಂದೇ ತರ. ಯಾವುದು ಕೇಳುತ್ತದೆ, ಯಾವುದು ಕೇಳುವುದಿಲ್ಲ ಎಂದು ನಾಣ್ಯ ಹಾಕಿಯೇ ನೋಡಬೇಕು.

ಇದರ ವಿರುದ್ಧ ಎದ್ದವರು ಸಾಮಾನ್ಯ ಬಳಕೆದಾರರು. ಮೇರಿಲ್ಯಾಂಡ್ ರಾಜ್ಯದ ಡೇವಿಡ್ ಸ್ಯಾಕ್ಸ್ ಎಂಬವರು ದೂರವಾಣಿ ಬಳಕೆಯ ಹಕ್ಕಿಗಾಗಿಯೇ ಒಂದು ಸಂಘಟನೆ ಕಟ್ಟಿ ವರ್ಷಗಟ್ಟಲೆ ಕಂಪನಿಗಳಿಗೂ ಸಂಸತ್ತಿಗೂ ದುಂಬಾಲುಬಿದ್ದರು. 1979ರಲ್ಲಿ ಹೊವಾರ್ಡ್ ಸ್ಟೋನ್ ಕಿವಿ ಮಂದವಾದವರ ಸ್ವಸಹಾಯ ಸಂಘವೊಂದನ್ನು ಆರಂಭಿಸಿದರು. ಅದೇ ಮುಂದೆ ಹಿಯರಿಂಗ್ ಲಾಸ್ ಅಸೋಸಿಯೇಶನ್ ಆಫ್ ಅಮೆರಿಕ ಆಯಿತು. ಇವರೆಲ್ಲರ ವಾದ ಸರಳ: ಮನೆಯ ಫೋನ್ ನಮ್ಮ ಆಯ್ಕೆ, ಬೇಕಾದರೆ ಸರಿಯಾದದ್ದನ್ನು ಹುಡುಕಿ ಕೊಳ್ಳುತ್ತೇವೆ. ಬೀದಿಯ ಫೋನನ್ನು ಆರಿಸುವ ಅವಕಾಶ ನಮಗಿಲ್ಲ, ಆದ್ದರಿಂದ ಅದು ಮೊದಲೇ ಸರಿಯಾಗಿರಬೇಕು.

ಈ ವಾದ ಕಾನೂನಿನ ಒಳಗೂ ಬಂತು. 1982ರ ಕಾಯ್ದೆ ಅತ್ಯಗತ್ಯ ಫೋನುಗಳೆಂಬ ಒಂದು ವರ್ಗವನ್ನೇ ಗುರುತಿಸಿತು. ನಾಣ್ಯದ ಫೋನುಗಳು, ತುರ್ತು ಕರೆಯ ಫೋನುಗಳು, ಕಿವಿ ಮಂದವಾದವರು ಪದೇಪದೇ ಬಳಸಬೇಕಾಗುವ ಫೋನುಗಳು ಶ್ರವಣ ಸಾಧನಕ್ಕೆ ಹೊಂದುವಂತಿರಬೇಕು ಎಂದಿತು. 1988ರ ಕಾಯ್ದೆ ಇನ್ನೂ ಮುಂದೆ ಹೋಯಿತು: 1989ರ ಆಗಸ್ಟ್ 16ರಿಂದ ಅಮೆರಿಕದಲ್ಲಿ ತಯಾರಾಗುವ ಅಥವಾ ಆಮದಾಗುವ ಬಹುತೇಕ ಎಲ್ಲ ಫೋನುಗಳೂ ಹೊಂದುವಂತಿರಬೇಕು. ತಂತಿಯಿಲ್ಲದ ಕಾರ್ಡ್‌ಲೆಸ್ ಫೋನುಗಳಿಗೆ ಎರಡು ವರ್ಷ ಹೆಚ್ಚು ಗಡುವು ಸಿಕ್ಕಿತು.

ಬೂತಿನ ಫೋನ್ ಸರಿಯಿದೆಯೆಂದು ದೂರದಿಂದಲೇ ಗೊತ್ತಾಗಲು ಹ್ಯಾಂಡ್‌ಸೆಟ್ಟಿಗೆ ತಂತಿ ಸೇರುವ ಕಡೆ ನೀಲಿ ಬಣ್ಣದ ಉಂಗುರವೊಂದನ್ನು ಹಾಕುತ್ತಿದ್ದರು. ಬೋರ್ಡಿಲ್ಲ, ವಿವರಣೆಯಿಲ್ಲ, ತಿಳಿದವರಿಗೆ ಆ ಉಂಗುರ ಸಾಕಿತ್ತು. ಅಮೆರಿಕದ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ 2010ರಲ್ಲಿ ರೂಪಿಸಿದ ಮಾನದಂಡ ಸಾರ್ವಜನಿಕ ಫೋನಿನ ಧ್ವನಿಯನ್ನು ಕನಿಷ್ಠ 20 ಡೆಸಿಬೆಲ್‌ವರೆಗೆ ಏರಿಸುವ ಗುಂಡಿ ಇರಬೇಕೆಂದಿತು. ಒಬ್ಬರು ಏರಿಸಿದ ಧ್ವನಿ ಮುಂದಿನವರ ಕಿವಿಗೆ ಅಪ್ಪಳಿಸಬಾರದಲ್ಲ, ಅದಕ್ಕೇ ಫೋನ್ ಇಟ್ಟೊಡನೆ ಅದು ಮೊದಲಿನ ಮಟ್ಟಕ್ಕೆ ಇಳಿಯಬೇಕೆಂಬ ನಿಯಮವನ್ನೂ ಸೇರಿಸಿತು. ಬಳಸುವವರನ್ನು ಕೇಳಿ ಬರೆದ ನಿಯಮ ಹೀಗಿರುತ್ತದೆ.

ಲೂಪ್ ಉಪಯೋಗಕ್ಕೆ ಬರುವುದು ಸಾಧನ ಹಾಕಿದರೆ ಮಾತು ಕೇಳಿಸುವವರಿಗೆ. ಪೂರ್ತಿ ಕೇಳಿಸದವರಿಗೆ, ಸನ್ನೆಭಾಷೆಯೇ ತಮ್ಮ ಭಾಷೆಯಾದವರಿಗೆ ಅದರಿಂದ ಪ್ರಯೋಜನವಿಲ್ಲ. ಅವರ ದಾರಿ ತೆರೆದದ್ದು 1964ರಲ್ಲಿ, ಸ್ವತಃ ಕಿವುಡರಾಗಿದ್ದ ಭೌತವಿಜ್ಞಾನಿ ರಾಬರ್ಟ್ ವೈಟ್‌ಬ್ರೆಕ್ಟ್ ಟೈಪ್‌ರೈಟರ್ ಯಂತ್ರವನ್ನು ಫೋನಿಗೆ ಜೋಡಿಸುವ ಸಾಧನ ಕಂಡುಹಿಡಿದಾಗ. ಅಮೆರಿಕದ ಎಷ್ಟೋ ವಿಮಾನ ನಿಲ್ದಾಣಗಳಲ್ಲಿ ಬೂತಿನ ಫೋನಿನ ಕೆಳಗೆ ಇಂಥ ಕೀಲಿಮಣೆಯೂ ಇರುತ್ತಿತ್ತು. ಒಂದೇ ಉಪಾಯ ಎಲ್ಲ ಕಿವಿಗಳಿಗೂ ಸಲ್ಲುವುದಿಲ್ಲ.

ಬ್ರಿಟನ್: ಬೂತಿನಿಂದ ಕೌಂಟರಿಗೆ

ಬ್ರಿಟನ್ನಿನಲ್ಲಿ ಲೂಪ್ ಹೆಚ್ಚು ಆಳಕ್ಕೆ ಇಳಿಯಿತು. ಅಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಶ್ರವಣ ಸಾಧನವನ್ನು ಉಚಿತವಾಗಿ ಕೊಡುತ್ತದೆ, ಅವುಗಳಲ್ಲಿ ಟೆಲಿಕಾಯಿಲ್ ಇರುವುದು ವಾಡಿಕೆ. ಬಳಸುವವರ ಬಳಿ ಸುರುಳಿ ಇದ್ದುದರಿಂದ ಸೌಲಭ್ಯ ಕೊಡುವವರಿಗೂ ಲೂಪ್ ಹಾಕುವುದರಲ್ಲಿ ಅರ್ಥವಿತ್ತು. ದೂರವಾಣಿ ಕಂಪನಿ ಬಿಟಿಯ ಬೂತುಗಳ ಹ್ಯಾಂಡ್‌ಸೆಟ್ಟಿನಲ್ಲಿ ಇಂಡಕ್ಟಿವ್ ಕಪ್ಲರ್ ಬಂತು. ಕಿವಿಯ ಚಿತ್ರ, ಅದರ ಪಕ್ಕದಲ್ಲಿ ಟಿ ಅಕ್ಷರ ಇರುವ ನೀಲಿ ಚಿಹ್ನೆ ಅಂಚೆ ಕಚೇರಿ, ಬ್ಯಾಂಕು, ರೈಲ್ವೆ ಟಿಕೆಟ್ ಕಿಟಕಿಗಳಲ್ಲೆಲ್ಲ ಕಾಣಿಸಿತು. ಲಂಡನ್ ಭೂಗತ ರೈಲಿನ ಸಹಾಯ ಕೇಂದ್ರದ ಪೆಟ್ಟಿಗೆಗಳಲ್ಲೂ ಕಪ್ಪು ಟ್ಯಾಕ್ಸಿಗಳಲ್ಲೂ ಲೂಪ್ ಇದೆ.

ಈ ರೂಢಿ ಕಂಡು ಬೆರಗಾದವರಲ್ಲಿ ಅಮೆರಿಕದ ಮನೋವಿಜ್ಞಾನಿ ಡೇವಿಡ್ ಮೈಯರ್ಸ್ ಒಬ್ಬರು. ಕಿವಿ ಮಂದವಾಗಿದ್ದ ಅವರು ಸ್ಕಾಟ್ಲೆಂಡಿನ ಐಯೋನಾ ಮಠದ ಪ್ರಾರ್ಥನೆಯಲ್ಲಿ ಕುಳಿತಿದ್ದಾಗ ಗೋಡೆಗಳಿಂದ ಪ್ರತಿಧ್ವನಿಸಿ ಕಲಸಿಹೋಗುತ್ತಿದ್ದ ಮಾತು ಟಿ ಸ್ವಿಚ್ ಹಾಕಿದೊಡನೆ ತಿಳಿಯಾಗಿ ಕೇಳಿಸಿತು. ಊರಿಗೆ ಮರಳಿ ಮಿಚಿಗನ್ ರಾಜ್ಯದ ಹಾಲೆಂಡ್ ಎಂಬ ಊರಿನ ಚರ್ಚುಗಳಲ್ಲಿ, ಸಭಾಂಗಣಗಳಲ್ಲಿ ಲೂಪ್ ಹಾಕಿಸುವ ಅಭಿಯಾನ ಆರಂಭಿಸಿದರು. ಅದು ಬೇರೆ ರಾಜ್ಯಗಳಿಗೂ ಹಬ್ಬಿತು.

ಬೂತುಗಳು ಈಗ ಬ್ರಿಟನ್ನಿನಲ್ಲೂ ವಿರಳ. 1990ರ ದಶಕದ ನಡುವೆ ಸುಮಾರು ಒಂದು ಲಕ್ಷ ಇದ್ದವು, 2020ರ ಆಚೀಚೆ ಸುಮಾರು 21 ಸಾವಿರಕ್ಕೆ ಇಳಿದವು. ಹಾಗಿದ್ದೂ 2019ರ ಮೇ ತಿಂಗಳಿಂದ ಒಂದು ವರ್ಷದಲ್ಲಿ ಬೂತುಗಳಿಂದ ತುರ್ತು ಸೇವೆಗಳಿಗೆ ಹೆಚ್ಚುಕಡಿಮೆ ಒಂದೂವರೆ ಲಕ್ಷ ಕರೆ ಹೋಗಿದ್ದವು. ಮೊಬೈಲ್ ಸಿಗ್ನಲ್ ಸಿಗದ ಕಡೆ, ಅಪಘಾತ ಹೆಚ್ಚಿರುವ ಕಡೆ ಇರುವ ಸುಮಾರು 5 ಸಾವಿರ ಬೂತುಗಳನ್ನು ಉಳಿಸಲು ನಿಯಂತ್ರಣ ಸಂಸ್ಥೆ ಆಫ್‌ಕಾಂ 2022ರಲ್ಲಿ ನಿಯಮ ಮಾಡಿತು. ಅಮೆರಿಕದಲ್ಲಿ ನ್ಯೂಯಾರ್ಕ್ ನಗರಾಡಳಿತ ತನ್ನ ಕೊನೆಯ ಬೂತನ್ನು ಅದೇ ವರ್ಷದ ಮೇ 23ರಂದು ಕಿತ್ತು ಸಾಗಿಸಿತು.

ಕೋಣೆಗೆ ಹಾಕುವ ಲೂಪ್

ಫೋನಿನ ಸುರುಳಿ ಕೆಲವು ಸೆಂಟಿಮೀಟರ್ ದೂರಕ್ಕೆ ಮಾತ್ರ ತಲುಪುತ್ತದೆ. ಇದೇ ತತ್ವವನ್ನು ದೊಡ್ಡದು ಮಾಡಿ ಕೋಣೆಯ ಸುತ್ತ ನೆಲದಲ್ಲೋ ಗೋಡೆಯಲ್ಲೋ ತಂತಿ ಎಳೆದರೆ ಒಳಗೆ ಕುಳಿತ ಎಲ್ಲರಿಗೂ ವೇದಿಕೆಯ ಮಾತು ಸಿಗುತ್ತದೆ. ಇದಕ್ಕಿರುವ ಅಂತಾರಾಷ್ಟ್ರೀಯ ಮಾನದಂಡ ಐಇಸಿ 60118-4. ಮಾತು ಗಟ್ಟಿಯಾಗಿರುವ ಕ್ಷಣಗಳಲ್ಲಿ ಕಾಂತಕ್ಷೇತ್ರ ಮೀಟರಿಗೆ 400 ಮಿಲಿಆಂಪಿಯರ್ ತಲುಪಬೇಕು, 100ರಿಂದ 5000 ಹರ್ಟ್ಸ್‌ವರೆಗೆ ಏರಿಳಿತ 3 ಡೆಸಿಬೆಲ್ ಮೀರಬಾರದು ಎನ್ನುತ್ತದೆ ಅದು. ಹಳೆಯ ದೂರವಾಣಿ ಜಾಲದ ವ್ಯಾಪ್ತಿಗಿಂತ ಇದು ಎರಡೂ ತುದಿಯಲ್ಲಿ ಅಗಲ.

ಎಷ್ಟು ವಿದ್ಯುತ್ ಬೇಕೆಂಬುದನ್ನು ಪಿಯುಸಿ ಭೌತಶಾಸ್ತ್ರದಿಂದಲೇ ಅಂದಾಜು ಮಾಡಬಹುದು. ಚೌಕಾಕಾರದ ಒಂದು ಸುತ್ತಿನ ತಂತಿಯ ನಡುವೆ ಇರುವ ಕ್ಷೇತ್ರ, ವಿದ್ಯುತ್ ಪ್ರವಾಹವನ್ನು 0.9ರಿಂದ ಗುಣಿಸಿ ಬದಿಯ ಉದ್ದದಿಂದ ಭಾಗಿಸಿದಷ್ಟು. ಐದು ಮೀಟರ್ ಬದಿಯ ಕೋಣೆಯಲ್ಲಿ ಮೀಟರಿಗೆ 0.4 ಆಂಪಿಯರ್ ಕ್ಷೇತ್ರ ಬರಬೇಕೆಂದರೆ ತಂತಿಯಲ್ಲಿ ಸುಮಾರು 2.2 ಆಂಪಿಯರ್ ಹರಿಯಬೇಕು. ತಂತಿ ನೆಲದಲ್ಲಿದ್ದು ಕಿವಿ ಒಂದು ಮೀಟರಿಗೂ ಮೇಲಿರುವುದರಿಂದ ವಾಸ್ತವದಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಸಾಮಾನ್ಯ ಸ್ಪೀಕರಿನ ಆಂಪ್ಲಿಫೈಯರನ್ನೇ ಇದಕ್ಕೆ ಜೋಡಿಸಿದರೆ ಎತ್ತರದ ಕಂಪನಾಂಕಗಳು ಸೊರಗುತ್ತವೆ, ಏಕೆಂದರೆ ಕಂಪನಾಂಕ ಏರಿದಂತೆ ತಂತಿ ಒಡ್ಡುವ ತಡೆಯೂ ಏರುತ್ತದೆ. ಪ್ರವಾಹವನ್ನು ಒಂದೇ ಸಮ ಇಡುವ ವಿಶೇಷ ಲೂಪ್ ಆಂಪ್ಲಿಫೈಯರ್ ಬೇಕಾಗುವುದು ಇದಕ್ಕಾಗಿ. ಕಾಲು, ಪಾಲು, ಸಾಲುಗಳ ವ್ಯತ್ಯಾಸ ಉಳಿಯುವುದೂ ಅಳಿಯುವುದೂ ಈ ಆಯ್ಕೆಯ ಮೇಲಿದೆ.

ಅಡ್ಡಿಗಳು

ಟೆಲಿಕಾಯಿಲ್‌ಗೆ ಗದ್ದಲ ಕೇಳಿಸುವುದಿಲ್ಲ ನಿಜ, ಕಾಂತಕ್ಷೇತ್ರದ ಗದ್ದಲ ಕೇಳಿಸುತ್ತದೆ. ನಮ್ಮ ಮನೆ, ಕಚೇರಿಗಳ ವೈರಿಂಗ್‌ನಲ್ಲಿ ಹರಿಯುವ 50 ಹರ್ಟ್ಸ್ ವಿದ್ಯುತ್ತು ಮತ್ತು ಅದರ ಗುಣಕಗಳು ಗುಂಯ್ ಎಂಬ ಸದ್ದಾಗಿ ಬರುತ್ತವೆ. ಹಳೆಯ ಟ್ಯೂಬ್‌ಲೈಟಿನ ಚೋಕ್, ಲೈಟ್ ಡಿಮ್ಮರ್, ಟ್ರಾನ್ಸ್‌ಫಾರ್ಮರ್ ಇವು ಕಾಟ ಕೊಡುವುದರಲ್ಲಿ ಮೊದಲು. ಲೂಪ್ ಹಾಕುವ ಮುನ್ನ ಜಾಗದ ಕಾಂತೀಯ ಗದ್ದಲವನ್ನು ಅಳೆಯದವರು ಹಣ ಹಾಳುಮಾಡುತ್ತಾರೆ.

ಸುರುಳಿಯ ದಿಕ್ಕು ಇನ್ನೊಂದು ಸಮಸ್ಯೆ. ಕೋಣೆಯ ಲೂಪಿನ ಕ್ಷೇತ್ರ ನೆಲದಿಂದ ಮೇಲ್ಮುಖವಾಗಿರುವುದರಿಂದ ಸಾಧನದೊಳಗಿನ ಸುರುಳಿ ನೆಟ್ಟಗೆ ನಿಂತಿದ್ದರೆ ಚೆನ್ನ. ಕಿವಿಗೆ ಹಿಡಿದ ಫೋನಿಗೆ ಅದು ಅಡ್ಡವಾಗಿದ್ದರೆ ಚೆನ್ನ. ತಯಾರಕರು ಎರಡಕ್ಕೂ ನಡುವಿನ ಕೋನ ಆರಿಸುತ್ತಾರೆ, ಹಾಗಾಗಿ ಒಂದೊಂದು ಮಾದರಿ ಒಂದೊಂದು ಕಡೆ ವಾಸಿ. ಕಟ್ಟಡದ ಕಬ್ಬಿಣದ ಸರಳುಗಳು ಕ್ಷೇತ್ರವನ್ನು ಹೀರಿಕೊಳ್ಳುತ್ತವೆ. ಲೂಪ್ ಪಕ್ಕದ ಕೋಣೆಗೂ ಸೋರುತ್ತದೆ. ವೈದ್ಯರ ಕೊಠಡಿ, ನ್ಯಾಯಾಲಯದಂಥ ಕಡೆ ಇದು ಗೋಪ್ಯತೆಯ ಪ್ರಶ್ನೆ. ತಂತಿಯನ್ನು ಹಲವು ಸಣ್ಣ ಕುಣಿಕೆಗಳಾಗಿ ಹಾಸುವ ಫೇಸ್ಡ್ ಅರೇ ವಿನ್ಯಾಸದಿಂದ ಸೋರಿಕೆಯನ್ನೂ ಕಬ್ಬಿಣದ ಪ್ರಭಾವವನ್ನೂ ಬಹಳ ಮಟ್ಟಿಗೆ ಕಡಿಮೆ ಮಾಡಬಹುದು. ಕಿವಿಯ ಕಾಲುವೆಯೊಳಗೇ ಅಡಗುವ ಅತಿ ಸಣ್ಣ ಸಾಧನಗಳಲ್ಲಿ ಟೆಲಿಕಾಯಿಲ್‌ಗೆ ಜಾಗವೇ ಇರುವುದಿಲ್ಲ. ಕಾಣದಿರಲಿ ಎಂಬ ಆಸೆಗೆ ಬಳಕೆದಾರರು ತೆರುವ ದೊಡ್ಡ ಬೆಲೆ ಇದು ಎಂದೇ ನನ್ನ ಅಭಿಪ್ರಾಯ.

ಮೊಬೈಲ್ ಬಂದ ಮೇಲೆ

1988ರ ಅಮೆರಿಕದ ಕಾಯ್ದೆ ಮೊಬೈಲ್ ಫೋನುಗಳಿಗೆ ವಿನಾಯಿತಿ ಕೊಟ್ಟಿತ್ತು. ಆಗ ಅವು ಕೆಲವೇ ಸಿರಿವಂತರ ವಸ್ತು. ಎರಡನೆಯ ತಲೆಮಾರಿನ ಡಿಜಿಟಲ್ ಮೊಬೈಲುಗಳು ಬಂದಾಗ ತೊಂದರೆ ಇಮ್ಮಡಿಸಿತು. ಜಿಎಸ್‌ಎಂ ಫೋನ್ ಸೆಕೆಂಡಿಗೆ 217 ಬಾರಿ ರೇಡಿಯೊ ಸ್ಪಂದನ ಕಳಿಸುತ್ತಿದ್ದುದರಿಂದ ಶ್ರವಣ ಸಾಧನದಲ್ಲಿ ಗರ್‌ರ್ ಎಂಬ ಸದ್ದು ತುಂಬಿಕೊಳ್ಳುತ್ತಿತ್ತು. 2003ರಲ್ಲಿ ಅಲ್ಲಿನ ದೂರಸಂಪರ್ಕ ಆಯೋಗ ಎಫ್‌ಸಿಸಿ ವಿನಾಯಿತಿಯನ್ನು ಮೊಟಕುಗೊಳಿಸಿ ಮೊಬೈಲುಗಳಿಗೆ ಅಂಕ ಕೊಡುವ ಪದ್ಧತಿ ತಂದಿತು. ಎಂ ಅಂಕ ಮೈಕಿನ ಹೊಂದಾಣಿಕೆಗೆ, ಟಿ ಅಂಕ ಟೆಲಿಕಾಯಿಲ್ ಹೊಂದಾಣಿಕೆಗೆ. 3 ಅಥವಾ 4 ಇದ್ದರೆ ಬಳಸಲು ಯೋಗ್ಯವೆಂದು ಅರ್ಥವಿತ್ತು. ಎಲ್ಲ ಮೊಬೈಲುಗಳೂ ಶ್ರವಣ ಸಾಧನಕ್ಕೆ ಹೊಂದಲೇಬೇಕೆಂಬ ಆದೇಶ ಬಂದದ್ದು 2024ರ ಅಕ್ಟೋಬರ್‌ನಲ್ಲಿ. ಬೀದಿಯ ಫೋನಿಗೆ 1982ರಲ್ಲಿ ಸಿಕ್ಕ ನ್ಯಾಯ ಜೇಬಿನ ಫೋನಿಗೆ ಸಿಗಲು 42 ವರ್ಷ ಹಿಡಿಯಿತು.

ಮುಂದಿನ ಹೆಜ್ಜೆ ಆರಾಕಾಸ್ಟ್. ಬ್ಲೂಟೂತ್‌ನ ಹೊಸ ಕಡಿಮೆ ವಿದ್ಯುತ್ ಧ್ವನಿ ತಂತ್ರದ ಮೇಲೆ ನಿಂತ ಈ ಪ್ರಸಾರ ಪದ್ಧತಿಗೆ 2022ರಲ್ಲಿ ಹೆಸರಿಟ್ಟರು. ಒಂದೇ ಪ್ರಸಾರವನ್ನು ಎಷ್ಟು ಜನರಾದರೂ ತಮ್ಮ ಸಾಧನದಲ್ಲಿ ಕೇಳಬಹುದು, ಗುಂಯ್ ಸದ್ದಿನ ಕಾಟವಿಲ್ಲ. ಆದರೆ ಅದನ್ನು ಹಿಡಿಯುವ ಸಾಧನಗಳು ಹೊಸವು, ಬೆಲೆಯೂ ಹೆಚ್ಚು. ಹಳೆಯ ಸಾಧನವನ್ನೇ ವರ್ಷಾನುಗಟ್ಟಲೆ ಬಳಸುವವರ ಪಾಲಿಗೆ ತಾಮ್ರದ ಸುರುಳಿ ಇನ್ನೂ ಬಹುಕಾಲ ಬೇಕು.

ಭಾರತದಲ್ಲಿ, ಕರ್ನಾಟಕದಲ್ಲಿ

1980ರ ದಶಕದ ಕೊನೆಯಿಂದ ದೇಶದ ಊರೂರಿನಲ್ಲಿ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ತೆರೆದವು. ಬೂತಿನ ಪರವಾನಗಿ ಕೊಡುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಎಷ್ಟೋ ಸಂಸಾರಗಳು ಅದರಿಂದ ಬದುಕಿದವು, ಅದು ದೊಡ್ಡ ಕೆಲಸ. ಬೂತು ನಡೆಸುವವರ ವಿಷಯದಲ್ಲಿ ತೋರಿದ ಈ ಕಾಳಜಿ ಬೂತಿಗೆ ಬಂದು ಮಾತಾಡಬೇಕಾದ ಕಿವಿ ಮಂದರ ವಿಷಯಕ್ಕೂ ಚಾಚಬೇಕಿತ್ತು. ಅದು ಆಗುವ ಮೊದಲೇ ಮೊಬೈಲ್ ಬಂದು ಬೂತುಗಳು ಜೆರಾಕ್ಸ್ ಅಂಗಡಿಗಳಾದವು.

ಸಾಧನದ ಕಡೆ ನೋಡಿದರೆ ನಾವು ಬರಿಗೈಯಲ್ಲಿರಲಿಲ್ಲ. 1981ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಬಡವರಿಗೆ ಶ್ರವಣ ಸಾಧನ ಸಿಗುತ್ತ ಬಂದಿದೆ. ಅಂಗಿ ಜೇಬಿನಲ್ಲಿಟ್ಟು ತಂತಿಯನ್ನು ಕಿವಿಗೆ ಎಳೆದುಕೊಳ್ಳುವ ಪೆಟ್ಟಿಗೆ ಮಾದರಿಯ ಸಾಧನಗಳಲ್ಲಿ ಎಂ, ಟಿ ಗುರುತಿನ ಸ್ವಿಚ್ ಸಾಮಾನ್ಯವಾಗಿತ್ತು. ಕಿವುಡ ಮಕ್ಕಳ ಶಾಲೆಗಳಲ್ಲಿ ತರಗತಿಯ ಸುತ್ತ ಲೂಪ್ ತಂತಿ ಹಾಸಿ ಪಾಠ ಹೇಳುವ ಕ್ರಮವೂ ನಮ್ಮಲ್ಲಿ ಇದ್ದದ್ದೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶ್ರವಣತಜ್ಞರನ್ನು ತಯಾರು ಮಾಡುತ್ತ ಬಂದಿದೆ. ವಿದ್ಯೆ, ಸಾಧನ, ತಜ್ಞರು ಮೂರೂ ಇದ್ದು ಸಾರ್ವಜನಿಕ ಜಾಗಗಳಲ್ಲಿ ಲೂಪ್ ಅಪರೂಪವಾಗಿ ಉಳಿದದ್ದು ಕಡ್ಡಾಯದ ನಿಯಮವಿಲ್ಲದ್ದರಿಂದ.

ಬೇಡಿಕೆ ಕಡಿಮೆ ಎನ್ನುವಂತೆಯೂ ಇಲ್ಲ. 2011ರ ಜನಗಣತಿ ದೇಶದಲ್ಲಿ ಸುಮಾರು 50.7 ಲಕ್ಷ ಜನರಿಗೆ ಶ್ರವಣ ನ್ಯೂನತೆ ಇದೆಯೆಂದು ಎಣಿಸಿತು. ವಯಸ್ಸಿನಿಂದ ಕಿವಿ ಮಂದವಾದವರನ್ನೂ ಸೇರಿಸಿದ ಅಂದಾಜುಗಳು 6 ಕೋಟಿ ದಾಟುತ್ತವೆ. 2050ರ ಹೊತ್ತಿಗೆ ಜಗತ್ತಿನಲ್ಲಿ ಸುಮಾರು 250 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣ ನಷ್ಟ ಇರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಕಟ್ಟಡ, ಸಾರಿಗೆ, ಮಾಹಿತಿ ತಂತ್ರಜ್ಞಾನ ಎಲ್ಲವೂ ಎಲ್ಲರಿಗೆ ಎಟುಕಬೇಕೆಂದು ಹೇಳುತ್ತದೆ. ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2021ರ ಮಾರ್ಗಸೂಚಿಗಳಲ್ಲಿ ಆಲಿಸಲು ನೆರವಾಗುವ ವ್ಯವಸ್ಥೆಗಳ ಮಾತೂ ಇದೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಇಂಥ ಮಾರ್ಗಸೂಚಿಗಳು ಬರಿಯ ಶಿಫಾರಸಾಗಿ ಉಳಿದರೆ ಕಾಯ್ದೆಯ ಉದ್ದೇಶ ಈಡೇರದು, ಕಡ್ಡಾಯವಾಗಿ ಪಾಲಿಸಬೇಕಾದ ನಿಯಮಗಳನ್ನು ರೂಪಿಸಿ ಎಂದು ಸರ್ಕಾರಕ್ಕೆ ನಿರ್ದೇಶಿಸಿತು. ನೀಲಿ ಉಂಗುರದ ಹೋರಾಟಗಾರರು ಕೇಳಿದ್ದೂ ಇದನ್ನೇ.

ಬಳಸುವವರಿಗೆ

ಲೂಪ್ ಇರುವ ಫೋನ್ ಎತ್ತುವ ಮೊದಲೇ ಸಾಧನವನ್ನು ಟಿ-ಗೆ ಹಾಕಿ. ರಿಸೀವರ್ ಅನ್ನು ಕಿವಿಯ ತೂತಿಗಲ್ಲ, ಕಿವಿಯ ಹಿಂದೆ ಕುಳಿತ ಸಾಧನಕ್ಕೆ ಹತ್ತಿರ ಹಿಡಿದು ನಿಧಾನವಾಗಿ ಅತ್ತಿತ್ತ ಸರಿಸಿ; ಮಾತು ಗಟ್ಟಿಯಾಗಿ ಕೇಳುವ ಒಂದು ಜಾಗ ಸಿಗುತ್ತದೆ. ಧ್ವನಿ ಕ್ಷೀಣವಾಗಿದ್ದರೆ ಸಾಧನದ ವಾಲ್ಯೂಮ್ ಏರಿಸಿ, ಮಾತು ಮುಗಿದ ಮೇಲೆ ಇಳಿಸಲು ಮರೆಯಬೇಡಿ. ಗುಂಯ್ ಸದ್ದು ಬಂದರೆ ನಿಂತ ದಿಕ್ಕು ಬದಲಿಸಿ. ಎಲ್ಲ ಫೋನುಗಳೂ ನಮ್ಮ ಮೌತ್‌ಪೀಸಿಗೆ ಬಿದ್ದ ಶಬ್ದದ ಒಂದಂಶವನ್ನು ನಮ್ಮದೇ ಇಯರ್‌ಪೀಸಿಗೆ ಮರಳಿಸುತ್ತವೆ, ಬೀದಿಯ ಗದ್ದಲ ಒಳನುಸುಳುವುದು ಆ ಹಿತ್ತಿಲ ಬಾಗಿಲಿನಿಂದ. ಆಚೆಯವರು ಮಾತಾಡುವಾಗ ಮೌತ್‌ಪೀಸನ್ನು ಅಂಗೈಯಿಂದ ಮುಚ್ಚಿಕೊಂಡರೆ ಎಷ್ಟೋ ವಾಸಿ.

ಹೊಸ ಸಾಧನ ಕೊಳ್ಳುವಾಗ, ಅದು ನಿಮಗಾಗಲಿ ಮನೆಯ ಹಿರಿಯರಿಗಾಗಲಿ, ಟೆಲಿಕಾಯಿಲ್ ಇದೆಯೇ ಎಂದು ಕೇಳಿ. ಇದ್ದರೂ ಅನೇಕ ಸಾಧನಗಳಲ್ಲಿ ಅದನ್ನು ಆನ್ ಮಾಡಿರುವುದಿಲ್ಲ. ಟಿ ಪ್ರೋಗ್ರಾಂ ಹಾಕಿಕೊಡಲು ಶ್ರವಣತಜ್ಞರಿಗೆ ಹೇಳಬೇಕು, ಅವರ ಎದುರಿಗೇ ಫೋನ್ ಎತ್ತಿ ಪರೀಕ್ಷಿಸಬೇಕು.

ಇನ್ನೊಂದು ಮಾತು. ಹಳೆಯ ಬೂತಿನ ಕೆಲಸವನ್ನು ಈಗ ಮಾಡುತ್ತಿರುವುದು ಲಿಫ್ಟಿನೊಳಗಿನ ತುರ್ತು ಕರೆ ಗುಂಡಿ. ಲಿಫ್ಟು ನಡುವೆ ನಿಂತಾಗ ಒಳಗಿರುವ ಅಜ್ಜನಿಗೋ ಅಜ್ಜಿಗೋ ಆಚೆಯಿಂದ ಬರುವ ಧೈರ್ಯದ ಮಾತು ತಿಳಿಯದಿದ್ದರೆ ಆ ಗುಂಡಿ ಅರ್ಧ ಕೆಲಸ ಮಾಡಿದಂತೆ. ಯುರೋಪಿನ ಲಿಫ್ಟ್ ಮಾನದಂಡ ಇಎನ್ 81-70 ಇಲ್ಲಿ ಲೂಪ್ ಇರಬೇಕೆಂಬುದನ್ನು ಪರಿಗಣಿಸಿದೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಲಿಫ್ಟ್ ಹಾಕಿಸುವಾಗ, ಹಳೆಯದನ್ನು ದುರಸ್ತಿ ಮಾಡಿಸುವಾಗ, ಲೂಪ್ ಇರುವ ಇಂಟರ್‌ಕಾಮ್ ಬೇಕೆಂದು ಮಾಲೀಕರ ಸಂಘದ ಸಭೆಯಲ್ಲಿ ಹೇಳಿ, ಕಂಪನಿಗೆ ಕೊಡುವ ಆರ್ಡರಿನಲ್ಲಿ ಅದನ್ನು ಬರೆಸಿ.